ತಂಗಿಯ ಕೈಗಿಟ್ಟ ಕರಡಿಗೆ

ಮಲ್ಲಿಪಟ್ಟಣದ ತಂಗಿಯ ಮನೆಗೆ ಸಿದ್ದೇಶ್ವರ ಆ ಬೆಳಿಗ್ಗೆ ಬಂದದ್ದು ಬರಿಗೊರಳಲ್ಲಿ. ಯಾರಿಗೂ ಕಾಣದಿರಲೆಂದು ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡಿದ್ದ. ಲಿಂಗ ಅಂಗ ಬಿಟ್ಟು ಅಗಲಬಾರದು ಎಂದು ಕೇಳಿಸಿಕೊಂಡೇ ಬೆಳೆದವನು. ಆದರೆ ಗೌರಿ ಹಬ್ಬದಿಂದ ಅವನ ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆ ತಂಗಿ ತೇಜಶ್ರೀಯ ಬಳಿಯೇ ಉಳಿದಿತ್ತು. ಅದು ಅವರಿಬ್ಬರಿಗಷ್ಟೇ ಗೊತ್ತು.

ಹಬ್ಬದ ದಿನ ತವರಿನ ಬಾಗಿನ ಹೊತ್ತು ಹೊಳೆನರಸೀಪುರದಿಂದ ಬಂದವನಿಗೆ ತಂಗಿಯ ಕತ್ತಿನ ಮೇಲೆ ಬೆರಳಿನ ಗುರುತು ಕಂಡಿತ್ತು. ಕೊಟ್ಟಿಗೆಯಲ್ಲಿ ಜಾರಿಬಿದ್ದೆ ಎಂದು ಅವಳು ಹಿಂದೆಯೂ ಹೇಳಿದ್ದಳು. ಅವನೂ ನಂಬಿದವನಂತೆ ಇದ್ದುಬಿಟ್ಟಿದ್ದ. ಕೊಟ್ಟಿಗೆಗೆ ಬೆರಳಿರುತ್ತವೆಯೇ? ಮಾತಿಲ್ಲದೆ ಕೊರಳ ಶಿವದಾರವನ್ನು ತಲೆಯ ಮೇಲಿಂದ ತೆಗೆದ, ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಅವಳ ಅಂಗೈಗಿಟ್ಟ. ಆಮೇಲೆ ಹಿತ್ತಿಲಿಗೆ ಹೋಗಿ, ಬಿದ್ದಿದ್ದ ತೆಂಗಿನ ಮಟ್ಟೆ ಎತ್ತಿಕೊಂಡು, ಅವಳ ಗಂಡ ರಜನೀಶನನ್ನು ಬಲಗೈ ಮುರಿಯುವ ತನಕ ಹೊಡೆದ. ಅಕ್ಕಪಕ್ಕದವರು ಬಿಡಿಸಿ ಅವನನ್ನು ಬಸ್ಸಿಗೆ ಹತ್ತಿಸಿದಾಗ ಕರಡಿಗೆಯ ನೆನಪು ಯಾರಿಗಿತ್ತು?

ಅಂದಿನಿಂದ ಅವನಿಗೆ ನೆಮ್ಮದಿಯಿಲ್ಲ. ಮಾತಿಗೆ ಬಗ್ಗದವನಿಗೆ ಇನ್ನೇನು ಮಾಡಬೇಕಿತ್ತು ಎಂದು ಒಮ್ಮೆ ಅನ್ನಿಸಿದರೆ, ತಾನು ಎಂದಾದರೂ ಮಾತಾಡಿ ನೋಡಿದ್ದುಂಟೇ ಎಂದು ಮರುಗಳಿಗೆಗೆ ಅನ್ನಿಸುತ್ತಿತ್ತು.

ಈ ಸಂಬಂಧ ಕೂಡಿಸಿದವನು ಸೋದರಮಾವ ಪಂಚಾಕ್ಷರಯ್ಯ. ಪೊಲೀಸ್ ದೂರು ಬೇಡವೆಂದು ರಜನೀಶನ ಮನೆಯವರನ್ನು ತಡೆದು, ಈ ಬೆಳಗಿನ ಪಂಚಾಯಿತಿಗೆ ಒಪ್ಪಿಸಿದವನೂ ಅವನೇ. ಹಿಂದಿನ ದಿನವೇ ಸಿದ್ದೇಶ್ವರನಿಗೆ ಫೋನು ಮಾಡಿ ಹೇಳಿಕೊಟ್ಟಿದ್ದ.

“ಕ್ವಾಪದಾಗೆ ಕೈ ಮಾಡ್ಬುಟ್ಟೆ ಅನ್ನು. ಕ್ವಾಪಕ್ಕೆ ಮಾಪಿ ಐತೆ ಕಣಪ್ಪ. ಬೇಕೂಂತ ಒಡ್ದಿದ್ದೀಯ ಅಂತಾದ್ರೆ ಮಾತ್ರ ಆ ಮನೆ ಒಸ್ಲು ನಿಂಗಿಲ್ಲ.”

ಆ ಹೊಸಿಲೇ ಸಿದ್ದೇಶ್ವರನ ಹೆದರಿಕೆ. ತಾನು ಒಳಗೆ ಬರದಿದ್ದರೆ ತಂಗಿಯ ಕತ್ತನ್ನು ನೋಡುವವರಾರು?

ಜಗಲಿಯ ಮೇಲೆ ಎಲ್ಲರೂ ಕೂತಿದ್ದರು. ರಜನೀಶ ಪಟ್ಟಿ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದ. ಸಿದ್ದೇಶ್ವರ ಹೇಳಿಕೊಟ್ಟಷ್ಟನ್ನು ಒಪ್ಪಿಸಿದ. ರಜನೀಶನ ತಾಯಿ ಗುರುಸಿದ್ದಮ್ಮ ಸುಮ್ಮನಿರಲಿಲ್ಲ.

“ಕ್ವಾಪ ಬಂದೋನು ಬಲಗೈನೇ ಉಡುಕ್ಕಂಡ್ ಒಡೀತಾನಾ? ನಿಮ್ ಕಡೆ ಕ್ವಾಪಕ್ಕೆ ಕಣ್ಣೈತೇನೋ.”

ಯಾರೋ ಕಿಸಕ್ಕೆಂದರು. ಪಂಚಾಕ್ಷರಯ್ಯ ಬಾಗಿಲ ಬಳಿ ನಿಂತಿದ್ದ ತೇಜಶ್ರೀಯ ಕಡೆ ತಿರುಗಿದ.

“ನೀನಲ್ಲೇ ಇದ್ಯಲ್ಲವ್ವ, ನೀನೇ ಯೇಳು. ಕ್ವಾಪಕ್ಕೆ ಒಡದ್ನಾ?”

ಸಿದ್ದೇಶ್ವರನಿಗೆ ಉಸಿರು ಬಂದಂತಾಯಿತು. ಹೂಂ ಎಂದರೆ ಸಾಕಿತ್ತು. ಅವಳು ಗಂಡನ ಪಟ್ಟಿಯ ಕೈ ನೋಡಿದಳು, ಅತ್ತೆಯನ್ನು ನೋಡಿದಳು, ಸೆರಗಿನ ಗಂಟು ಬಿಚ್ಚಿ ಕರಡಿಗೆಯನ್ನು ಎಲೆಯಡಿಕೆಯ ತಟ್ಟೆಯಲ್ಲಿಟ್ಟಳು.

“ಒಡಿಯೋಕ್ ಮುಂಚೆ ಇದ್ನ ತಗ್ದು ನನ್ ಕೈಗ್ ಕೊಟ್ಟ. ಕಣ್ಣಿಗೊತ್ಕಂಡು ಕೊಟ್ಟ.”

ಕೋಪ ಬಂದವನು ಲಿಂಗ ತೆಗೆದಿಡುವುದಿಲ್ಲ. ಅದನ್ನು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಸಿದ್ದೇಶ್ವರ ಎದ್ದುನಿಂತು, ಅವಳ ಕತ್ತನ್ನೊಮ್ಮೆ ನೋಡಿ ಎಂದು ಎಲ್ಲರಿಗೂ ಹೇಳಿದ. ತೇಜಶ್ರೀ ಸೆರಗನ್ನು ಕತ್ತಿನ ಸುತ್ತ ಬಿಗಿಯಾಗಿ ಹೊದ್ದಳು. ಕೊಟ್ಟಿಗೆಯಲ್ಲಿ ಜಾರಿಬಿದ್ದಿದ್ದೆ ಎಂದಳು, ಅದೇ ಹಳೆಯ ದನಿಯಲ್ಲಿ. ಅವಳು ಹೇಳಿದ್ದರಲ್ಲಿ ಇದೊಂದೇ ಸುಳ್ಳು. ಕರಡಿಗೆಯ ಮಾತೂ ಸುಳ್ಳಾಗಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.

ಪಂಚಾಕ್ಷರಯ್ಯ ಕೈ ತೊಳೆದು ಬಂದು ಕರಡಿಗೆಯನ್ನು ಎತ್ತಿ ಅವನ ಅಂಗೈಗಿಟ್ಟ. ಇನ್ನು ಈ ಹೊಸಿಲು ತುಳಿಯಬೇಡ ಎಂದ. ಮುಖ ಮಾತ್ರ ನೋಡಲಿಲ್ಲ.

ಅಂಗಳದ ಕೊನೆಗೆ ತೇಜಶ್ರೀ ಒಂದು ಲೋಟ ನೀರು ತಂದಳು. ಅವನು ಮುಟ್ಟಲಿಲ್ಲ. ಯಾಕೆ ಹೀಗೆ ಮಾಡಿದೆ ಎಂದು ಕೇಳಿದ.

“ನೀನು ಗೆದ್ದಿದ್ರೆ ಅವ್ರು ಸೋತೋಗ್ತಿದ್ರು ಕಣಣ್ಣಯ್ಯ. ನೀನು ಬಸ್ ಅತ್ಕಂಡ್ ಓಯ್ತೀಯ. ಸೋತೋರ್ ಜೊತೆ ಬಾಳೋಳು ನಾನು.”

“ನಿಂಗೋಸ್ಕರ ತಾನೇ ಕೈ ಎತ್ತಿದ್ದು?”

“ಅದು ತಪ್ಪಲ್ಲ ಅಂತಿದ್ರೆ ಲಿಂಗ ಯಾಕ್ ತಗ್ದಿಟ್ಟೆ?”

ರಜನೀಶ ಈಗಲೂ ಹೊಡೆಯುತ್ತಾನಾ ಎಂದಷ್ಟೇ ಸಿದ್ದೇಶ್ವರ ಕೇಳಿದ.

“ಕೈ ಮುರದ್ಮೇಲೆ ಇಲ್ಲ,” ಎಂದು ಹೇಳಿ, ತುಂಬಿದ ಲೋಟವನ್ನು ಹಾಗೇ ಹಿಡಿದುಕೊಂಡು ಒಳಗೆ ಹೋದಳು.

ಬಸ್ಸಿನಲ್ಲಿ ಕರಡಿಗೆ ಅಂಗೈಯಲ್ಲೇ ಇತ್ತು. ಕೊರಳಿಗೆ ಹಾಕಿಕೊಳ್ಳಲು ಮನಸ್ಸು ಬರಲಿಲ್ಲ. ಹಾಗಾದರೆ ತಾನು ಹೊಡೆದದ್ದರಿಂದ ಹೊಡೆತ ನಿಂತಿತೇ, ಅಷ್ಟಾದರೂ ಸಮಾಧಾನ ಉಂಟೇ ಎಂದು ಯೋಚಿಸುತ್ತ ಕೂತಿದ್ದವನಿಗೆ, ರಜನೀಶನ ಮಡಿಲಲ್ಲಿದ್ದ ಬಿಳಿ ಪಟ್ಟಿ ಕಣ್ಣಿಗೆ ಕಟ್ಟಿತು. ಅದನ್ನು ಇನ್ನೂ ಬಿಚ್ಚಿರಲಿಲ್ಲ. ಬಿಚ್ಚಿದ ಮೇಲೆ ಆ ಹೊಸಿಲು ದಾಟಿ ನೋಡಲು ತಾನಿರುವುದಿಲ್ಲ.