ಕೈಗುಣ

ಕಾಲುದಾರಿಯ ಕಲ್ಲುಗಳ ಸಂದಿಯಲ್ಲಿ ಏಳುವ ಹುಲ್ಲನ್ನು ಸಾಯಿಸುವುದು ಅವನ ಕೆಲಸ. ಬೆನ್ನಿಗೆ ಔಷಧಿಯ ಕ್ಯಾನು, ಕೈಯಲ್ಲಿ ಕೊಳವೆ, ಬೆಳಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ, ಒಂಬತ್ತು ವರ್ಷ. ಬೇಸರವೇ ಎಂದರೆ ಇಲ್ಲ, ಇಷ್ಟವೇ ಎಂದರೆ ಅದೂ ಇಲ್ಲ. ಹೊಟ್ಟೆಪಾಡು. ಮನೆಗೆ ಬಂದು ಸ್ನಾನ ಮಾಡಿ ಗೋಡೆ ನೋಡುತ್ತ ಕೂರುತ್ತಿದ್ದ. ಜೊತೆಯಲ್ಲೇ ಇದ್ದ ಅತ್ತೆ, ಹೆಂಡತಿಯ ತಾಯಿ, "ಏನಪ್ಪಾ, ಗೋಡೇಲಿ ಸಿನಿಮಾ ಬರ್ತಿದ್ಯಾ?" ಎಂದು ಕೆಣಕಿದರೆ ಅವನಿಗೆ ನಗುವೂ ಬರುತ್ತಿರಲಿಲ್ಲ, ಕೋಪವೂ ಬರುತ್ತಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಮಗ ಹುಟ್ಟಿದಾಗಲೂ ಹಾಗೆಯೇ ಇದ್ದ. ಎಲ್ಲರೂ ಅವನಿಗೆ ಸುಸ್ತು ಎಂದುಕೊಂಡರು.

ಆರು ವರ್ಷದ ಮಗಳ ಶಾಲೆಯಿಂದ ಒಂದು ಚೀಟಿ ಬಂತು. ಪ್ರತಿ ಮಗುವೂ ಮನೆಯಲ್ಲಿ ಒಂದು ಗಿಡವನ್ನು ತನ್ನ ಕೈಯಾರೆ ಬೆಳೆಸಬೇಕಂತೆ. ಮಗಳು ಬಣ್ಣದ ಖಾಲಿ ಡಬ್ಬಕ್ಕೆ ಮಣ್ಣು ತುಂಬಿ ಮೂರು ಬೀನ್ಸ್ ಬೀಜ ಊರಿದಳು. ಮೊಳಕೆ ಬಂತೋ ಇಲ್ಲವೋ ಎಂದು ದಿನಕ್ಕೆರಡು ಸಲ ಕೆದಕಿ ನೋಡಿ ಅಮ್ಮನಿಂದ ಬೈಸಿಕೊಂಡಳು. ಬೀಜಗಳಿಗೆ ಅಮ್ಮನಿಗಿಂತ ತಾಳ್ಮೆ ಹೆಚ್ಚು, ಮೂರೂ ಎದ್ದವು. ಆದರೆ ಲೋಟದಲ್ಲಿ ನೀರು ಹುಯ್ದರೆ ಎಳೆ ಸಸಿಗಳು ಅಡ್ಡಬೀಳುತ್ತಿದ್ದವು.

"ಅಪ್ಪಾ, ನಿನ್ ಹತ್ರ ಪುಸ್ ಪುಸ್ ಅನ್ನೋ ಬಾಟ್ಲಿ ಇದ್ಯಲ್ಲಾ, ಅದು ಕೊಡು."

ಕ್ಯಾನಿನ ಕೊಳವೆ ಹೋಗದ ಕಡೆ ಔಷಧಿ ಸಿಂಪಡಿಸುವ ಆ ಕೆಲಸದ ಬಾಟಲಿಯನ್ನು ಬೇರೆ ಯಾವುದಕ್ಕೂ ಬಳಸಬಾರದೆಂದು ಅದರ ಮೈಮೇಲೆಯೇ ಬರೆದಿತ್ತು. ಅವನು ಎರಡು ಸಲ ತೊಳೆದು ಕೊಟ್ಟ. ಸಾಕು ಅನ್ನಿಸಿತು. ಆ ದಿನಗಳಲ್ಲಿ ಅವನಿಗೆ ಎಲ್ಲವೂ ಬೇಗ ಸಾಕು ಅನ್ನಿಸುತ್ತಿತ್ತು.

ವಾರದೊಳಗೆ ಎಲೆಗಳು ಹಳದಿಗೆ ತಿರುಗಿದವು. ಆ ಹಳದಿಯ ಗುರುತು ಅವನಿಗೆ ಚೆನ್ನಾಗಿತ್ತು. ಒಂಬತ್ತು ವರ್ಷದಿಂದ ಮನೆ ನಡೆಸುತ್ತಿದ್ದುದೇ ಅದು. ಬಾಟಲಿಯನ್ನು ಸದ್ದಿಲ್ಲದೆ ತೆಗೆದುಕೊಂಡು ಹೋಗಿ ಕೆಲಸದ ಜಾಗದ ಕಸಕ್ಕೆ ಹಾಕಿದ, ಬಾಯಿಗೆ ಬೀಗ ಹಾಕಿಕೊಂಡ. ಹೇಳಿದರೆ ಹೆಂಡತಿ ಬೈಯುತ್ತಾಳೆ, ಅತ್ತೆ ವರ್ಷವಿಡೀ ಆಡಿಕೊಳ್ಳುತ್ತಾಳೆ. ಮಗಳು ಒಣಗಿದ ಕಡ್ಡಿಗಳಿಗೆ ಇನ್ನೂ ಮೂರು ದಿನ ಲೋಟದಿಂದ ಹನಿ ಹನಿಯಾಗಿ ನೀರು ಹಾಕಿದಳು. ಕೊನೆಗೆ ಅತ್ತೆ ಸಮಾಧಾನ ಹೇಳಿದಳು: "ಹೋಗ್ಲಿ ಬಿಡು ಪುಟ್ಟಿ. ಕೆಲವರ ಕೈಗುಣ ಹಾಗಿರತ್ತೆ. ಅವ್ರು ಮುಟ್ಟಿದ್ ಗಿಡ ಬದುಕಲ್ಲ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಎತ್ತು ಅಲ್ಲೇ ಕುರ್ಚಿಯಲ್ಲಿ ಕೂತು ಕೇಳಿಸಿಕೊಂಡಿತು, ಮತ್ತೆ ಗೋಡೆ ನೋಡಿತು.

ಮಗಳು ಎರಡು ಕೈಗಳನ್ನೂ ಅಂಗಿಯ ತೋಳಿನೊಳಗೆ ಎಳೆದುಕೊಂಡು ಓಡಾಡತೊಡಗಿದಳು. ಚಳಿಯೇನೋ ಎಂದುಕೊಂಡರು. ಒಂದು ಸಂಜೆ ಹೆಂಡತಿ ಬಚ್ಚಲಲ್ಲಿದ್ದಳು, ಅತ್ತೆ ಅಂಗಡಿಗೆ ಹೋಗಿದ್ದಳು. ಹಾಸಿಗೆಯ ಮೇಲೆ ಮಗು ಅಳತೊಡಗಿತು.

"ತಮ್ಮನ್ನ ಸ್ವಲ್ಪ ತಟ್ಟೇ," ಎಂದ ಅವನು, ಕೂತಲ್ಲಿಂದಲೇ.

ಅವಳು ಹಾಸಿಗೆಯಿಂದ ಎರಡು ಹೆಜ್ಜೆ ದೂರ ನಿಂತಿದ್ದಳು. "ನಾನು ಮುಟ್ಟಲ್ಲ. ಮುಟ್ಟಿದ್ರೆ ಇವ್ನೂ ಹಳದಿ ಆಗ್ತಾನೆ."

ಅವನಿಗೆ ಭಯವಾಯಿತು. ಈ ಮಾತನ್ನು ಅವಳು ಎಷ್ಟು ದಿನದಿಂದ ಹೊತ್ತು ತಿರುಗುತ್ತಿದ್ದಳೋ. ಎದ್ದು ಬಂದು ಅವಳ ಎದುರು ಕುಕ್ಕರಗಾಲಲ್ಲಿ ಕೂತ.

"ನಿನ್ನ ಕೈಯಲ್ಲಿ ಏನೂ ಇಲ್ಲ ಪುಟ್ಟಿ. ಆ ಬಾಟ್ಲೀಲಿ ನನ್ನ ಕೆಲಸದ ಔಷಧಿ ಉಳ್ಕೊಂಡಿತ್ತು. ನಾನು ಸರಿಯಾಗಿ ತೊಳೀಲಿಲ್ಲ. ಗಿಡ ಸತ್ತಿದ್ದು ನನ್ನಿಂದ."

"ನಿಂಗ್ ಯಾವಾಗ ಗೊತ್ತಾಯ್ತು?"

"ಹಳದಿ ಆದ ದಿನಾನೇ."

ಅವಳು ಯೋಚಿಸಿದಳು. "ನೀನು ದಿನಾ ಗಿಡ ಸಾಯಿಸ್ತೀಯಾ?"

"ಹೂಂ."

"ಚಿಕ್ಕದನ್ನೂ?"

"ಚಿಕ್ಕದೇ ಜಾಸ್ತಿ."

"ಹಾಗಾದ್ರೆ ನಾನು ಇನ್ನೊಂದ್ಸಲ ಬೀಜ ಹಾಕ್ಬೋದು," ಎಂದಳು, ತನಗೆ ತಾನೇ ಹೇಳಿಕೊಳ್ಳುವಂತೆ. ತೋಳಿನೊಳಗಿಂದ ಬಲಗೈ ಹೊರಗೆ ಬಂತು. ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಒಂದು ಬೆರಳನ್ನು ತಮ್ಮನ ಮುಷ್ಟಿಯೊಳಗೆ ಇಟ್ಟಳು. ಮಗು ಬಿಗಿಯಾಗಿ ಹಿಡಿದುಕೊಂಡಿತು. ಅಳು ಮಾತ್ರ ನಿಲ್ಲಲಿಲ್ಲ, ಹಸಿವಾಗಿತ್ತೇನೋ.

ಅವನಿಗೆ ಎದೆ ಹಗುರಾಯಿತು. ಮಗುವನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿದ.

ಮಗಳು ನಡುವೆ ಬಂದು ನಿಂತಳು. ಸಿಟ್ಟಿನಿಂದಲ್ಲ, ಎಳೆಯ ಸಸಿಯನ್ನು ಕಾಯುವವರು ನಿಲ್ಲುವಂತೆ.

"ನೀನು ಬೇಡಪ್ಪಾ. ಅಮ್ಮ ಬರ್ಲಿ."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಎಷ್ಟೋ ತಿಂಗಳ ಮೇಲೆ ಮೊದಲ ಸಲ ಅವನಿಗೆ ನೋವಾಯಿತು. ಬಚ್ಚಲಲ್ಲಿ ನೀರಿನ ಸದ್ದು ನಿಲ್ಲುವವರೆಗೂ ಮೂವರೂ ಹಾಗೆಯೇ ಇದ್ದರು.