ನಾಲ್ಕನೇ ಮಹಡಿಯವರೆಗೆ

“ಅದನ್ನ ಆಚೆ ತಳ್ಳಪ್ಪ, ನಾನು ಕೂರಲ್ಲ,” ಎಂದರು ಬೈಂಡರಮ್ಮ.

ಆಸ್ಪತ್ರೆಯ ಬಾಗಿಲಲ್ಲಿ ಅವರು ಟ್ಯಾಕ್ಸಿಯಿಂದ ಇಳಿಯುತ್ತಿದ್ದಂತೆ ಸಮವಸ್ತ್ರದ ನೌಕರನೊಬ್ಬ ಗಾಲಿಕುರ್ಚಿ ತಂದು ನಿಲ್ಲಿಸಿದ್ದ. ಬಿಸಿಲಿಗೆ ಕಾದ ಸೀಟನ್ನು ಅಂಗೈಯಿಂದ ಮುಟ್ಟಿ ನೋಡಿ, ಸುಡುತ್ತದೆ ಅನ್ನಿಸಿ, ತನ್ನದೇ ಕರವಸ್ತ್ರವನ್ನು ಬಿಡಿಸಿ ಹಾಸಿದ್ದ. ಅದು ಬೈಂಡರಮ್ಮನ ಕಣ್ಣಿಗೆ ಬಿತ್ತು. ಧ್ವನಿ ತಗ್ಗಿಸಿ, “ನಿನ್ನ ಮೇಲೆ ಕೋಪ ಅಲ್ಲಪ್ಪ. ಈ ಕುರ್ಚಿಗೂ ನನಗೂ ಒಂದು ಜಗಳ ಇದೆ,” ಎಂದರು.

“ಅಮ್ಮಾ, ಒಳಗೆ ತುಂಬಾ ನಡೀಬೇಕು,” ಎಂದ ಮಗ.

“ನಡೆಯೋಕೆ ತಾನೇ ಬಂದಿರೋದು.”

ನೌಕರ ನಕ್ಕು ಕರವಸ್ತ್ರ ಮಡಚಿಕೊಂಡ. “ಹಾಗಾದ್ರೆ ಬಲಗಡೆಯಿಂದ ಹೋಗಿ ಅಮ್ಮ. ಎಡಗಡೆ ಈಗಷ್ಟೇ ನೆಲ ಒರೆಸಿದ್ದಾರೆ, ಜಾರುತ್ತೆ.”

ಬೈಂಡರಮ್ಮನಿಗೆ ಎಪ್ಪತ್ತಮೂರು ವರ್ಷ. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಬೈಂಡಿಂಗ್ ಅಂಗಡಿಯನ್ನು ಒಬ್ಬರೇ ನಡೆಸುತ್ತಿದ್ದರು. ಕಾಲೇಜಿನ ಹುಡುಗರ ಪ್ರಬಂಧಗಳು, ಕಚೇರಿಗಳ ರಿಜಿಸ್ಟರುಗಳು, ಬೆನ್ನು ಮುರಿದ ನಿಘಂಟುಗಳು, ಎಲ್ಲವೂ ಅವರ ಮೇಜಿಗೆ ಬರುತ್ತಿದ್ದವು. ರಟ್ಟಿನ ಕಟ್ಟುಗಳು ಇರುತ್ತಿದ್ದದ್ದು ಅಟ್ಟದ ಮೇಲೆ. ದಿನಕ್ಕೆ ಆರೇಳು ಸಲವಾದರೂ ಅಟ್ಟದ ಮೆಟ್ಟಿಲು ಹತ್ತಿ ಇಳಿಯಬೇಕು. ಪುಸ್ತಕ ಒತ್ತುವ ಪ್ರೆಸ್ಸಿನ ಕಬ್ಬಿಣದ ಚಕ್ರವನ್ನು ಅವರು ತಿರುಗಿಸಿ ಬಿಗಿ ಮಾಡಿದರೆ ಮಗನಿಗೆ ಬಿಚ್ಚಲು ಬರುತ್ತಿರಲಿಲ್ಲ.

ಜಗಳ ಶುರುವಾದದ್ದು ಹದಿನೆಂಟು ದಿನದ ಹಿಂದೆ, ಬೇರೊಂದು ಆಸ್ಪತ್ರೆಯಲ್ಲಿ. ದೊಡ್ಡ ಕರುಳಿನಲ್ಲಿ ಗಡ್ಡೆ ಇದೆ, ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಬೇರೆಲ್ಲೂ ಹರಡಿಲ್ಲ ಎಂದು ಸ್ಕ್ಯಾನಿನಲ್ಲಿ ಕಂಡಿತ್ತು. ತೆಗೆದುಹಾಕುವುದೊಂದು ಬಾಕಿ ಎಂದುಕೊಂಡೇ ಸರ್ಜನ್ನರನ್ನು ನೋಡಲು ಹೋಗಿದ್ದರು. ಹೊರಗೆ ಜನ ಗೋಡೆಯುದ್ದಕ್ಕೂ ನಿಂತಿದ್ದರು. ಗಾಲಿಕುರ್ಚಿಯವರನ್ನು ಮೊದಲು ಒಳಗೆ ಬಿಡುತ್ತಾರೆಂದು ಮಗ ಎಲ್ಲಿಂದಲೋ ಒಂದನ್ನು ತಳ್ಳಿಕೊಂಡು ಬಂದ. “ಐದು ನಿಮಿಷ ಕೂತ್ಕೋಮ್ಮ, ಕಾಲು ನೋಯಿಸ್ಕೋಬೇಡ.” ಅಮ್ಮ ನಿಂತೇ ಕಾಯುವುದನ್ನು ಅವನಿಂದ ನೋಡಲಾಗದು. ಕೂತರು.

ಮಗ ರೈಲು ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದ. ಎದುರಿನವರ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವುದು ಅಭ್ಯಾಸವಾಗಿಬಿಟ್ಟಿತ್ತು.

“ಮನೇಲಿ ಏನಾದ್ರೂ ಕೆಲಸ ಮಾಡ್ತಾರಾ?” ಎಂದು ಆ ಡಾಕ್ಟರು ಕೇಳಿದ್ದರು.

“ಇಲ್ಲ ಸಾರ್. ಒಂದು ಕಡ್ಡಿ ಈ ಕಡೆಯಿಂದ ಆ ಕಡೆ ಇಡೋಕೂ ನಾವು ಬಿಡಲ್ಲ.”

“ಮೆಟ್ಟಿಲು ಹತ್ತೋದು?”

“ಹತ್ತಿಸೋದೇ ಇಲ್ಲ ಸಾರ್.”

“ಸ್ನಾನ, ಬಟ್ಟೆಬರೆ?”

“ಎಲ್ಲಾ ನನ್ನ ಹೆಂಡತಿ ನೋಡ್ಕೋತಾಳೆ.”

ಸೊಸೆ ನೋಡಿಕೊಳ್ಳುತ್ತಿದ್ದದ್ದು ನೀರು ಕಾದಿದೆಯೇ ಇಲ್ಲವೇ ಎಂಬುದನ್ನು ಮಾತ್ರ. ಆದರೂ ಬೈಂಡರಮ್ಮ ತುಟಿ ಬಿಚ್ಚಲಿಲ್ಲ. ಹೊರಗಿನವರ ಮುಂದೆ ಮಗನ ಮಾತು ಕತ್ತರಿಸುವುದು ಹೇಗೆ? ಮೇಲಾಗಿ, ನಿಜ ಹೇಳಬೇಕೆಂದರೆ, ಕೇಳಲು ಹಿತವಾಗಿಯೇ ಇತ್ತು. ನನ್ನ ಮಗ ನನ್ನನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಾನೆ ಎಂದು ಒಬ್ಬ ಡಾಕ್ಟರಿಗಾದರೂ ತಿಳಿಯಲಿ! ಗೋಂದು ಮೆತ್ತಿದ ಉಗುರುಗಳನ್ನು ಕೈಚೀಲದ ಕೆಳಗೆ ಅಡಗಿಸಿಕೊಂಡು, ನಗುಮುಖ ಮಾಡಿಕೊಂಡು ಕೂತಿದ್ದರು.

ಆ ಡಾಕ್ಟರು ಕೆಟ್ಟವರೇನಲ್ಲ. ಮಾತಾಡುತ್ತಲೇ ತಮ್ಮ ಮೇಜಿನ ಫ್ಯಾನನ್ನು ಅವರ ಕಡೆಗೆ ತಿರುಗಿಸಿದ್ದರು. “ಈ ವಯಸ್ಸಲ್ಲಿ, ಈ ಸ್ಥಿತಿಯಲ್ಲಿ ಆಪರೇಷನ್ ಬೇಡ. ದೇಹ ತಡೆಯಲ್ಲ. ನೋವಾಗದ ಹಾಗೆ ನೋಡ್ಕೊಳ್ಳೋಣ,” ಎಂದು ನಿಧಾನವಾಗಿಯೇ ಹೇಳಿದರು. ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದರು.

ಕೆಲವು ದಿನ ಬೈಂಡರಮ್ಮ ಆ ಮಾತನ್ನು ನುಂಗಿಕೊಂಡೇ ಇದ್ದರು. ಆಮೇಲೊಂದು ಬೆಳಿಗ್ಗೆ ಅಂಗಡಿಯಲ್ಲಿ, ಆಸ್ಪತ್ರೆಯ ಹಾಳೆಗಳು ಕ್ಲಿಪ್ಪಿನಿಂದ ಜಾರಿ ಜಾರಿ ಬೀಳುವುದನ್ನು ಸಹಿಸಲಾರದೆ, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ, ದಬ್ಬಣದಿಂದ ತೂತು ಹಾಕಿ ಹೊಲಿಯಲು ಕೂತರು. ಕೈಬರಹ ಎಷ್ಟೇ ಕೆಟ್ಟದ್ದಿದ್ದರೂ ಓದುವುದು ಅವರ ಕಸುಬಿನ ಭಾಗ. ಕೊನೆಯ ಹಾಳೆಯಲ್ಲಿ ಹೀಗೆ ಬರೆದಿತ್ತು: ಗಾಲಿಕುರ್ಚಿಯಲ್ಲಿ ಬಂದಿದ್ದಾರೆ. ನಿತ್ಯದ ಎಲ್ಲ ಕೆಲಸಕ್ಕೂ ಬೇರೆಯವರೇ ಬೇಕು. ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ.

ದಾರ ಹಲ್ಲಿನಲ್ಲಿ ಕಚ್ಚಿಕೊಂಡು ಎರಡು ಸಲ ಓದಿದರು. ಸಂಜೆ ಮನೆಗೆ ಹೋದವರೇ ಹಾಳೆಯನ್ನು ಮಗನ ಮುಂದೆ ಹಿಡಿದರು.

“ಯಾರೋ ಇದು, ಈ ಮುದುಕಿ?”

“ಅದು ಡಾಕ್ಟ್ರು ಬರ್ದಿದ್ದಮ್ಮ.”

“ಬರೆದಿದ್ದು ಡಾಕ್ಟ್ರು. ಹೇಳಿದ್ದು ನೀನು. ಬಾಯಿ ಮುಚ್ಕೊಂಡು ಕೂತಿದ್ದು ನಾನು. ಮೂರು ಜನ ಸೇರಿ ನನ್ನ ಕೈ ಬಿಟ್ವಿ.”

“ಅಷ್ಟು ದೊಡ್ಡ ಡಾಕ್ಟ್ರೇ ಬೇಡ ಅಂದ್ಮೇಲೆ…”

“ದೊಡ್ಡ ಡಾಕ್ಟ್ರು ನನ್ನ ಎಲ್ಲಿ ನೋಡಿದ್ರೋ? ಕುರ್ಚಿ ನೋಡಿದ್ರು. ಇನ್ನೊಬ್ರಿಗೆ ತೋರಿಸ್ತೀನಿ. ನೀನು ಬರದಿದ್ರೆ ಒಬ್ಳೇ ಹೋಗ್ತೀನಿ.”

ಮರುದಿನ ಅಂಗಡಿಯ ಫೋನಿನಿಂದ ತಾವೇ ಮಾತಾಡಿ ದಿನ ಗೊತ್ತುಮಾಡಿಕೊಂಡರು. ಮಗ ರಜೆ ಹಾಕಿ ಜೊತೆಗೆ ಬಂದ.

ಇಲ್ಲಿಯ ಸರ್ಜನ್ ಒಬ್ಬ ಹೆಂಗಸು, ಐವತ್ತರ ಆಸುಪಾಸು. ಕನ್ನಡಕವನ್ನು ತಲೆಗೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು.

“ತಲೆ ಮೇಲಿದೆ,” ಎಂದರು ಬೈಂಡರಮ್ಮ.

“ಸದ್ಯ! ಬೆಳಿಗ್ಗೆಯಿಂದ ಒಬ್ರೂ ಹೇಳ್ಲಿಲ್ಲ ನೋಡಿ.” ಡಾಕ್ಟರು ಕನ್ನಡಕ ಇಳಿಸಿ ಫೈಲು ತೆರೆದರು. ನಿಧಾನವಾಗಿ ಓದಿದರು. ಸ್ಕ್ಯಾನನ್ನು ದೀಪದ ಹಲಗೆಗೆ ಸಿಕ್ಕಿಸಿ ನೋಡಿದರು. ಕೊನೆಯ ಹಾಳೆಗೆ ಬಂದಾಗ ಹುಬ್ಬು ಗಂಟಾಯಿತು. ಹಾಳೆಯಿಂದ ಬೈಂಡರಮ್ಮನ ಕಡೆಗೆ, ಅಲ್ಲಿಂದ ಫೈಲಿನ ಬೆನ್ನಿನ ಬಿಗಿಯಾದ ಹೊಲಿಗೆಯ ಕಡೆಗೆ ಕಣ್ಣು ಹರಿಯಿತು.

“ಇಷ್ಟು ಚೆನ್ನಾಗಿ ಹೊಲಿದಿದ್ದು ಯಾರು?”

“ನಾನೇ. ಹೋದ ವಾರ.”

“ಹೂಂ. ದಿನಾ ಏನೇನು ಕೆಲಸ ಮಾಡ್ತೀರಿ?”

“ಮನೇಲಿ ನಾವು ಅವರನ್ನ…” ಎಂದು ಮಗ ಶುರುಮಾಡಿದ.

“ನೀನು ಸುಮ್ನಿರು,” ಎಂದರು ಬೈಂಡರಮ್ಮ. ಗದರಿಕೆಯೇನಲ್ಲ, ಆದರೆ ಮಗನ ನಲವತ್ತೆಂಟು ವರ್ಷದಲ್ಲಿ ಮೊದಲ ಸಲ ಪರರ ಎದುರು ಹಾಗೆ ಅಂದದ್ದು. ಅವನ ಕಿವಿ ಕೆಂಪಾಯಿತು. “ಡಾಕ್ಟ್ರೇ, ನಾನು ಬೈಂಡರ್. ಐದೂವರೆಗೆ ಏಳ್ತೀನಿ. ನನ್ನ ಬಟ್ಟೆ ನಾನೇ ಒಗೀತೀನಿ. ಅಂಗಡಿಗೆ ಇಪ್ಪತ್ತು ನಿಮಿಷದ ದಾರಿ, ನಡ್ಕೊಂಡೇ ಹೋಗ್ತೀನಿ. ಈಚೆಗೆ ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗಬೇಕು ಅನ್ಸುತ್ತೆ, ಅದನ್ನ ಮುಚ್ಚಿಡಲ್ಲ. ನನ್ನ ಮಗ ಅವತ್ತು ಸುಳ್ಳು ಹೇಳ್ಲಿಲ್ಲ, ಮರ್ಯಾದೆಗೆ ಹೇಳ್ದ. ಅಮ್ಮನ್ನ ದುಡಿಸ್ತಾರೆ ಅಂತ ಯಾರೂ ಅನ್ಕೋಬಾರ್ದಲ್ಲ.”

ಡಾಕ್ಟರು ಒಂದು ಕ್ಷಣ ಮಗನನ್ನು ನೋಡಿದರು. ಆ ನೋಟದಲ್ಲಿ ಆಕ್ಷೇಪಣೆ ಇರಲಿಲ್ಲ.

“ಎಷ್ಟು ಮಹಡಿ ಹತ್ತಬಲ್ಲಿರಿ?”

“ನಿಮ್ಮಲ್ಲಿ ಎಷ್ಟಿದೆ?”

“ನಾಲ್ಕು.”

“ನಡೀರಿ.”

ಡಾಕ್ಟರು ಗಟ್ಟಿಯಾಗಿ ನಕ್ಕರು. ಖಾನೆಯಿಂದ ಒಂದು ಚಿಕ್ಕ ಕ್ಲಿಪ್ಪು ತೆಗೆದು ಬೈಂಡರಮ್ಮನ ಬೆರಳಿಗೆ ಸಿಕ್ಕಿಸಿದರು. ಅದರಲ್ಲಿ ಅಂಕಿಗಳು ಹೊಳೆದವು. “ನನಗೂ ಮೇಲೆ ವಾರ್ಡಿಗೆ ಹೋಗ್ಬೇಕು. ಮಾತಾಡ್ತಾ ಹತ್ತಿ. ಮಾತು ನಿಂತ್ರೆ ನನಗೆ ಗೊತ್ತಾಗುತ್ತೆ.”

“ನನ್ನ ಮಾತು ನಿಲ್ಲಿಸೋದು ಕಷ್ಟ ಅಂತ ನಮ್ಮ ಮನೆಯವರು ಹೇಳ್ತಿದ್ರು.”

ಮೊದಲ ಮಹಡಿಗೆ ಹಾಳೆಗಳನ್ನು ಮಡಚುವ ಕ್ರಮದ ಮಾತು ಮುಗಿಯಿತು. ಎರಡನೆಯದಕ್ಕೆ ಹೊಲಿಗೆ, ಗೋಂದು, ಗೋಂದಿನಲ್ಲಿ ನೀರು ಹೆಚ್ಚಾದರೆ ಆಗುವ ಅನಾಹುತ. ಎದುರಿಗೆ ಇಳಿಯುತ್ತಿದ್ದ ಗುಡಿಸುವ ಹೆಂಗಸು ಬಕೆಟ್ಟನ್ನು ಗೋಡೆಯ ಬದಿಗೆ ಸರಿಸಿ, ಅವರಿಗೆ ಹಿಡಿದು ಹತ್ತುವ ಕಟಾಂಜನದ ಬದಿಯನ್ನು ಬಿಟ್ಟುಕೊಟ್ಟು ನಿಂತಳು. ಹಿಂದೆ ಮಗ ಫೈಲು ಅವುಚಿಕೊಂಡು ಏದುಸಿರು ಬಿಡುತ್ತಿದ್ದ.

“ಆಪರೇಷನ್ ಯಾರಿಗೆ, ಅವರಿಗಾ?” ಎಂದರು ಡಾಕ್ಟರು.

“ಕೂತು ಕೂತು ಹಾಗಾಗಿದ್ದಾನೆ,” ಎಂದರು ಬೈಂಡರಮ್ಮ.

ಮೂರನೆಯ ಮಹಡಿಯ ತಿರುವಿನಲ್ಲಿ ಮಾತು ನಿಂತಿತು. ಕಟಾಂಜನ ಹಿಡಿದು ನಿಂತರು. ಎದೆ ಡವಗುಟ್ಟುವುದು ಅವರಿಗೇ ಕೇಳಿಸುತ್ತಿತ್ತು. ಡಾಕ್ಟರು ಬೆರಳಿನ ಕ್ಲಿಪ್ಪನ್ನೂ ಗಡಿಯಾರವನ್ನೂ ನೋಡಿದರು. ಮಗ ಮುಂದೆ ಬಂದು ತೋಳು ಹಿಡಿಯಲು ಹೋದ.

“ಬಿಡು.” ಒಂದು ಉಸಿರು, ಇನ್ನೊಂದು ಉಸಿರು. “ಸುಸ್ತಾಗಿದೆ ಡಾಕ್ಟ್ರೇ. ಇಲ್ಲ ಅಂತ ಹೇಳಲ್ಲ. ಆದ್ರೆ ಇನ್ನೊಂದು ಮಹಡಿ ಬಾಕಿ ಇದೆ.”

“ರಕ್ತ ಕಮ್ಮಿ ಇದೆ ನಿಮಗೆ. ಗಡ್ಡೆಯಿಂದ ಒಳಗೊಳಗೇ ಹೋಗ್ತಿದೆ. ಅದಕ್ಕೇ ಸುಸ್ತು. ಸಾಕು ಅಂದ್ರೆ ಇಲ್ಲೇ ನಿಲ್ಲಿಸೋಣ.”

“ಸಾಕು ಅಂತ ನಾನೆಲ್ಲಿ ಅಂದೆ?”

ಉಳಿದ ಮೆಟ್ಟಿಲುಗಳನ್ನು ಮಾತಿಲ್ಲದೆ, ಒಂದೊಂದಾಗಿ, ಎರಡೂ ಕಾಲು ಕೂಡಿಸಿ ಕೂಡಿಸಿ ಹತ್ತಿದರು. ಮೇಲೆ ತಲುಪಿದಾಗ ಹಣೆ ಒದ್ದೆಯಾಗಿತ್ತು. ಡಾಕ್ಟರು ತಾವೇ ಹೋಗಿ ನರ್ಸುಗಳ ಕೋಣೆಯಿಂದ ಒಂದು ಸ್ಟೂಲು ತಂದು ಹಾಕಿದರು.

“ಹೃದಯದ್ದೊಂದು, ಶ್ವಾಸಕೋಶದ್ದೊಂದು ಪರೀಕ್ಷೆ ಮಾಡಿಸಿ. ಎರಡು ಬಾಟಲಿ ರಕ್ತ ಏರಿಸ್ಬೇಕು. ಆ ಪರೀಕ್ಷೆಗಳು ಬೇಡ ಅನ್ನದಿದ್ರೆ ನಾನು ಆಪರೇಷನ್ ಮಾಡ್ತೀನಿ. ಅಪಾಯ ಇದೆ, ಅಮ್ಮ. ಇಲ್ಲ ಅಂತ ಯಾರಾದ್ರೂ ಹೇಳಿದ್ರೆ ಅವರನ್ನ ನಂಬಬೇಡಿ, ನಾನೇ ಹೇಳಿದ್ರೂ ಸರಿ.”

“ಡಾಕ್ಟ್ರೇ,” ಎಂದ ಮಗ. ಇನ್ನೂ ಉಸಿರು ಹತೋಟಿಗೆ ಬಂದಿರಲಿಲ್ಲ. “ನಮ್ಮಪ್ಪನೂ ನಡ್ಕೊಂಡೇ ಹೋಗಿದ್ರು ಥಿಯೇಟರಿಗೆ. ಟಾಟಾ ಮಾಡಿ ಹೋದ್ರು. ಚಿಕ್ಕ ಆಪರೇಷನ್ ಅಂದಿದ್ರು.” ಗೋಡೆಯ ಕಡೆ ತಿರುಗಿದ. “ಕಾಗದಕ್ಕೆ ಸಹಿ ಹಾಕಿದ್ದು ನಾನು. ಅಮ್ಮಂಗೆ ಓದೋಕೂ ಕೊಡ್ಲಿಲ್ಲ. ನಾನೇ ಓದಿ, ನಾನೇ ಹಾಕ್ದೆ.”

ಹನ್ನೊಂದು ವರ್ಷದಲ್ಲಿ ಈ ಮಾತು ಅವನ ಬಾಯಿಂದ ಬಂದಿರಲಿಲ್ಲ. ಡಾಕ್ಟರು ವಾರ್ಡಿನ ಬಾಗಿಲಿಗೆ ಕೈ ಹಾಕಿದವರು ಹಾಗೇ ನಿಂತರು.

ಬೈಂಡರಮ್ಮ ಸ್ಟೂಲಿನ ಮೇಲೆ ಕೂತೇ ಮಗನನ್ನು ನೋಡಿದರು. ಆ ಮೊದಲ ಡಾಕ್ಟರು ಬೇಡ ಎಂದಾಗ ಇವನ ಮುಖದಲ್ಲಿ ಕಂಡದ್ದು ದುಃಖ ಎಂದುಕೊಂಡಿದ್ದರು. ದುಃಖವೊಂದೇ ಆಗಿರಲಿಲ್ಲ.

“ನಾನು ಆಪರೇಷನ್ ಬೇಡ ಅಂದ್ರೆ ನಿನಗೆ ನಿದ್ದೆ ಬರುತ್ತೇನೋ,” ಎಂದರು. “ಅದಕ್ಕೋಸ್ಕರ ನಾನು ಸುಮ್ನೆ ಕೂತು ಸಾಯಕ್ಕಾಗಲ್ಲ ಕಣೋ ಮಗನೇ.”

“ಹಾಗಲ್ಲಮ್ಮ…”

“ಹಾಗೇ. ತಪ್ಪೇನಿಲ್ಲ. ನಾನೂ ಅಷ್ಟು ದಿನ ಆ ಡಾಕ್ಟ್ರು ಹೇಳಿದ್ದೇ ಸರಿ ಅಂತ ಕೂತಿರ್ಲಿಲ್ವಾ? ಆದ್ರೆ ಈ ಸಲ ಕಾಗದ ನಂದು, ಸಹಿ ನಂದು. ಆದದ್ದು ನನಗೇ ಆಗ್ಲಿ. ನಿನ್ನ ತಲೆ ಮೇಲೆ ಏನೂ ಬರಲ್ಲ.” ಆಮೇಲೆ ಡಾಕ್ಟರ ಕಡೆ ತಿರುಗಿ, “ಎಲ್ಲಿ ಹಾಕ್ಬೇಕು?” ಎಂದರು.

“ಇವತ್ತೇ ಅಲ್ಲ ಅಮ್ಮ. ಪರೀಕ್ಷೆಗಳು ಮುಗೀಲಿ.”

“ಹಾಗಾದ್ರೆ ಪರೀಕ್ಷೆ ಇವತ್ತೇ ಶುರು ಮಾಡಿ. ಹದಿನೆಂಟು ದಿನ ಆಗ್ಲೇ ಹೋಗಿದೆ.”

ಡಾಕ್ಟರು ಮಗನ ಕೈಯಿಂದ ಫೈಲು ತೆಗೆದುಕೊಂಡರು. ಹಿಂದಿನ ಡಾಕ್ಟರು ಬರೆದದ್ದನ್ನು ಹೊಡೆದುಹಾಕಲಿಲ್ಲ. ಹೊಸ ಹಾಳೆಯೊಂದನ್ನು ಮೇಲಿಟ್ಟು, ನಿಂತುಕೊಂಡೇ ನಾಲ್ಕು ಸಾಲು ಬರೆದು, “ಇದನ್ನ ನೀವೇ ಹೊಲ್ಕೊಳ್ಳಿ,” ಎಂದು ಬೈಂಡರಮ್ಮನ ಕೈಗೆ ಕೊಟ್ಟರು. ಬೈಂಡರಮ್ಮ ಅಲ್ಲೇ ಓದಿದರು. ನಾಲ್ಕು ಮಹಡಿ ಹತ್ತಿದರು, ಒಂದು ಸಲ ನಿಂತರು, ಎಂದು ಬರೆದಿತ್ತು.

“ನಿಂತಿದ್ದೂ ಬರೀಬೇಕಿತ್ತಾ?”

“ಬರೀಬೇಕು.”

“ಇರ್ಲಿ ಬಿಡಿ, ನಿಜ ತಾನೇ,” ಎಂದರು ಬೈಂಡರಮ್ಮ.

ಪಕ್ಕದ ಕೋಣೆಯಲ್ಲಿ ಎತ್ತರ, ತೂಕ ನೋಡುವ ನರ್ಸ್ ಇದ್ದಳು. ಅರಿವಳಿಕೆ ಕೊಡುವವರಿಗೆ ಅವು ಬೇಕಂತೆ. ತೂಕದ ಯಂತ್ರದ ಮೇಲೆ ನಿಂತು ಇಳಿದದ್ದಾಯಿತು. ಎತ್ತರದ ಅಳತೆ ಗೋಡೆಗೆ ಬಳಿದ ಪಟ್ಟಿಯಲ್ಲಿತ್ತು. “ಚಪ್ಪಲಿ ಬಿಡಿ ಅಮ್ಮ, ಬೆನ್ನು ಗೋಡೆಗೆ ತಾಗಿಸಿ,” ಎಂದಳು. ಔಷಧದ ಗಾಡಿಯೊಂದು ಗಡಗಡ ಬರುತ್ತಿದ್ದುದನ್ನು ಕಂಡು ಮಗ ಬಗ್ಗಿ ಚಪ್ಪಲಿಗಳನ್ನು ದಾರಿಯಿಂದ ಎತ್ತಿಕೊಂಡ. ಗಾಡಿ ದಾಟಿಹೋದ ಮೇಲೂ ಅವನು ಅವನ್ನು ಕೆಳಗಿಡಲು ಮರೆತ. ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತ.

ನರ್ಸ್ ಸಣ್ಣ ಹಲಗೆಯನ್ನು ನೆತ್ತಿಯ ಮೇಲೆ ಇಳಿಸಿದಳು, ಕೂದಲು ನೋಯದ ಹಾಗೆ. ಪಟ್ಟಿಯ ಅಂಕಿ ನೋಡಿದಳು. ಕೆಳಗೆ ನೋಡಿದಳು.

“ಅಮ್ಮಾ, ಹಿಮ್ಮಡಿ ನೆಲಕ್ಕಿಡಿ.”

“ಇಟ್ಟಿದ್ದೀನಲ್ಲ.”

“ಇಲ್ಲಮ್ಮ. ಎತ್ತಿದ್ದೀರಿ.”

ಬೈಂಡರಮ್ಮ ನೇರ ಮುಂದಕ್ಕೆ ನೋಡುತ್ತಿದ್ದರು. ಕತ್ತು ನೆಟ್ಟಗಿತ್ತು, ಗದ್ದ ಸ್ವಲ್ಪ ಮೇಲಿತ್ತು. ನರ್ಸ್ ಅವಸರ ಮಾಡಲಿಲ್ಲ. ಪೆನ್ಸಿಲನ್ನು ಅಂಕಿಯ ಪಕ್ಕ ಹಿಡಿದು ಕಾದಳು.