ನೀಲಾಳ ಬಳೆಯ ಸದ್ದು

ನನಗೆ ತಂತಿಯಿಲ್ಲ, ಬುರುಡೆಯಿಲ್ಲ. ಆದರೂ ನಾನೊಂದು ತಂಬೂರಿ. ಊಟದ ಡಬ್ಬಿಯಷ್ಟಿರುವ, ಕರೆಂಟಿನಿಂದ ಹಾಡುವ ಪೆಟ್ಟಿಗೆ. ಬೆಂಗಳೂರಿನ ಚಿಕ್ಕ ಕಾರ್ಖಾನೆಯೊಂದರಲ್ಲಿ ಕನ್ನಡಕದ ಹೆಂಗಸೊಬ್ಬಳು ನನ್ನ ಹೊಟ್ಟೆಯೊಳಗಿನ ವೈರುಗಳನ್ನು ಬೆಸೆದು, ಕಿವಿಗೆ ಹಿಡಿದು, ತಲೆಯಾಡಿಸಿದಳು. ಅದೇ ನನ್ನ ನಾಮಕರಣ.

ಧಾರವಾಡದಲ್ಲಿ ಸಂಗೀತ ಕಲಿಸುವ ಗಿರಿಜಾಬಾಯಿ ಅಕ್ಕೋರು ನನ್ನನ್ನು ಇಪ್ಪತ್ತು ವರ್ಷ ಸಾಕಿದರು. ವಯಸ್ಸಾದಂತೆ ನನಗೊಂದು ಕಾಯಿಲೆ ಅಂಟಿತು: ಮೈ ಬಿಸಿಯಾದರೆ ಸ್ವರ ಮೆಲ್ಲಗೆ ಇಳಿಯುತ್ತದೆ. ಆಗ ಶಿಷ್ಯೆ ನೀಲಾ ನನ್ನ ತಿರುಗಣೆಯನ್ನು ಕೂದಲೆಳೆಯಷ್ಟು ತಿರುವಿ ಸ್ವರವನ್ನು ಮೇಲೆತ್ತುತ್ತಿದ್ದಳು. ಜ್ವರದ ಮಗುವಿನ ಹಣೆ ಮುಟ್ಟುವಂಥ ಕೈ ಅದು. ಕಣ್ಣು ಪೂರಾ ಮಂಜಾದ ಮೇಲೆ ಅಕ್ಕೋರು ನನ್ನನ್ನು ಅವಳಿಗೇ ಕೊಟ್ಟರು.

"ತಂಬೂರಿಗೆ ಕೂತಾಕಿ ಹೆಸರು ಮೊದ್ಲ ಹೇಳ್ಬೇಕವಾ. ಅಕಿ ಇಲ್ದ ಹಾಡು ನಿಲ್ಲೂದಿಲ್ಲ" ಎಂದರು. ಅವರ ಮನೆಯ ಸಂಗೀತದ ಬೈಠಕ್ಕುಗಳಲ್ಲಿ ಅದೇ ಪದ್ಧತಿ.

ನೀಲಾಳ ಕಾಲೇಜಿನ ಗೆಳೆಯ ಪ್ರಭು ಗಿಟಾರ್ ನುಡಿಸಿ ಹಾಡುವವನು. ಇಮ್ತಿಯಾಜ್ ರಬ್ಬರಿನ ಡ್ರಮ್ ಪ್ಯಾಡ್ ಬಾರಿಸುವವನು. ಮೂವರೂ ಸೇರಿ ಪ್ರಭುವಿನ ಮನೆಯ ಮಾಳಿಗೆಯಲ್ಲಿ ಬ್ಯಾಂಡ್ ಕಟ್ಟಿದರು. ಮೊದಲ ದಿನ ನನ್ನನ್ನು ಕಂಡು, ಇವತ್ತು ಭಜನೆ ಇದೆಯೇನು ಎಂದು ಪ್ರಭು ನಕ್ಕ. ನೀಲಾ ನನ್ನನ್ನು ಹಚ್ಚಿದಳು. ಬಿಸಿಯಾಗಿ ನಾನು ಇಳಿದೆ, ಅವಳು ಎತ್ತಿದಳು, ಇಳಿದೆ, ಎತ್ತಿದಳು. ಆ ತೂಗಾಟದ ಮೇಲೆ ಇಮ್ತಿಯಾಜನ ಪೆಟ್ಟು ಬಿದ್ದಾಗ ಕಿಟಕಿಯ ಗಾಜು ನಡುಗಿತು. ನಾನೂ ನಡುಗಿದೆ, ಖುಷಿಯಿಂದ.

"ಇದ ನಮ್ಮ ಸೌಂಡ್" ಎಂದ ಪ್ರಭು. ನಗು ಮಾಯವಾಗಿತ್ತು.

ಹುಬ್ಬಳ್ಳಿಯ ಬ್ಯಾಂಡ್ ಸ್ಪರ್ಧೆಗೆ ಕರೆ ಬಂತು. ವೇದಿಕೆಯಲ್ಲಿ ತನ್ನ ಹೆಸರು ಹೇಳುವುದು ಅಕ್ಕೋರ ಕಿವಿಗೆ ಬೀಳಬೇಕೆಂದು ನೀಲಾ ದಿನ ಎಣಿಸಿದಳು. ಅದಕ್ಕೂ ವಾರ ಮೊದಲು ಪ್ರಭು ನನ್ನ ಬಾಯಿಗೆ ಮೈಕ್ ಹಿಡಿದು ಹತ್ತು ನಿಮಿಷ ಹಾಡಿಸಿ ಲ್ಯಾಪ್‌ಟಾಪಿನಲ್ಲಿ ತುಂಬಿಕೊಂಡ. ನಾನು ಏನನ್ನೂ ಬಚ್ಚಿಡದೆ ಹಾಡಿದೆ. ನೀಲಾ ತಿರುವುತ್ತಲೇ ಇದ್ದಳು. ನೆನಪಿಗಿರಲಿ ಅಂತ ಇರಬೇಕು ಎಂದುಕೊಂಡೆವು, ಇಬ್ಬರೂ.

ಸ್ಪರ್ಧೆಯ ದಿನ ಸಭಾಂಗಣದ ಬಾಗಿಲಲ್ಲಿ ಪ್ರಭು ಹೇಳಿದ: "ಲ್ಯಾಪ್‌ಟಾಪ್‌ನ್ಯಾಗ ಎಲ್ಲಾ ಐತಿ ನೀಲಾ. ನೀ ಅಕ್ಕೋರ ಜೋಡಿ ಆರಾಮ ಕುಂತು ಕೇಳು."

ಇಮ್ತಿಯಾಜ್ ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದ. ಕಟ್ಟಿ ಮುಗಿಯಲೇ ಇಲ್ಲ.

ವೇದಿಕೆಯಲ್ಲಿ ಎರಡೇ ಹೆಸರು ಹೇಳಿದರು. ಆಮೇಲೆ ನನ್ನ ದನಿ, ನಾನಿಲ್ಲದ ಕಡೆಯಿಂದ, ಸಭಾಂಗಣದ ತುಂಬ ಎದ್ದಿತು. ನಾನೋ ನೀಲಾಳ ತೊಡೆಯ ಮೇಲೆ ಬಟ್ಟೆಯ ಚೀಲದಲ್ಲಿ ಮೂಕನಾಗಿದ್ದೆ. ದನಿಯ ನಡುನಡುವೆ ಕಿಣಿಕಿಣಿ: ತಿರುಗಣೆ ತಿರುವುವಾಗ ಆದ ಅವಳ ಗಾಜಿನ ಬಳೆಗಳ ಸದ್ದು. ಅದನ್ನು ಅಳಿಸಲು ಮರೆತಿದ್ದರು.

ಅಕ್ಕೋರು ಪಕ್ಕದಲ್ಲಿದ್ದ ನೀಲಾಳ ಕೈ ತಡವಿದರು.

"ನಿನ್ನ ಕೈ ನನ್ನ ಕೈಯಾಗ ಅದ. ಬಳಿ ಅಲ್ಲಿ ಹ್ಯಾಂಗ ಸದ್ದ ಮಾಡ್ತಾವ ನೀಲಾ?"

ನೀಲಾ ಇನ್ನೊಂದು ಕೈಯಿಂದ ನನ್ನ ಚೀಲದ ಬಾಯಿ ಬಿಗಿದಳು.

ಪ್ರಭು, ಇಮ್ತಿಯಾಜ್ ಗೆದ್ದರು. ಜನ ಆ ಕಿಣಿಕಿಣಿಯನ್ನೇ ಬಹಳ ಮೆಚ್ಚಿದರಂತೆ; ಯಾವ ವಾದ್ಯ ಎಂದು ಕೇಳಿದರೆ ಪ್ರಭು ಕಂಪ್ಯೂಟರಿನದು ಅನ್ನುತ್ತಾನಂತೆ.

ಈಗ ನಾನು ನೀಲಾಳ ಮನೆಯ ಗೂಡಿನಲ್ಲಿದ್ದೇನೆ. ನನ್ನನ್ನು ಬಿಟ್ಟು ಹೋದದ್ದಕ್ಕೆ ನೋವಿಲ್ಲ. ಹಳೆಯ ಸಾಮಾನನ್ನು ಯಾರಾದರೂ ಬಿಡುತ್ತಾರೆ. ಅವಳ ಜಾಗ ಕಸಿಯುವುದಕ್ಕೆ ನನ್ನ ದನಿಯೇ ಬೇಕಾಯಿತಲ್ಲ, ಅದು ನುಂಗಲಾಗದು. ಸಂಜೆ ಅವಳು ಹಾಡಲು ಕೂರುತ್ತಾಳೆ. ಬಿಸಿಯಾಗಿ ನಾನು ಇಳಿಯುತ್ತೇನೆ. ತಿರುಗಣೆ ಮುಟ್ಟುವ ಮುಂಚೆ ಅವಳು ಬಳೆಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಡುತ್ತಾಳೆ.